ಜಾರಿದ ಚಪ್ಪಲಿ: ಕೋಲಾರದ ಒಬ್ಬ ಹಮಾಲಿಯ ಸೊಂಟನೋವು, ಕೈರೋಪ್ರಾಕ್ಟರ್ ಹತ್ತಿರ ಮೂರು ಭೇಟಿ

ಇದು ನನ್ನ ಸೋದರಮಾವನ ಕೇಸು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡ, ಮಿಕ್ಕಿದ್ದೆಲ್ಲ ಬರಿ" ಅಂದಿದ್ದಾರೆ. ನಾನು ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್. ಕೈರೋಪ್ರಾಕ್ಟರ್ ಅಲ್ಲ. ಮೂರು ಸಲವೂ ಮಾವನ ಜೊತೆ ಹೋಗಿ, ಪಕ್ಕದಲ್ಲಿ ಕೂತು, ನಡೆದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೈರೋಪ್ರಾಕ್ಟಿಕ್ ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ. ಅದರ ಬಗ್ಗೆ ನಮ್ಮ ಕಡೆ ಜನಕ್ಕೆ ಗೊತ್ತಿರುವುದು ಫೋನಿನಲ್ಲಿ ನೋಡಿದ ವಿಡಿಯೋ ಅಷ್ಟೇ. ಮಲಗಿಸುತ್ತಾರೆ, ತಿರುಚುತ್ತಾರೆ, ಟಕ್ ಅನ್ನುತ್ತದೆ, ರೋಗಿ ಎದ್ದು ನಗುತ್ತಾನೆ. ಮಾವನಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ವಿಡಿಯೋಗಳಲ್ಲಿ ಯಾರೂ ತೋರಿಸದ ಭಾಗ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಏನಾಯಿತು

ಮಾವನಿಗೆ 52 ವರ್ಷ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಹಮಾಲಿ. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮದು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು, ಸೀಸನ್ ಬಂತು ಅಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಬಾಕ್ಸ್ ಅಂದರೆ 15 ಕೆಜಿ. ಅದನ್ನು ಟೆಂಪೋದಿಂದ ಇಳಿಸಬೇಕು, ಸಾಲಾಗಿ ಜೋಡಿಸಬೇಕು, ಹರಾಜು ಮುಗಿದ ಮೇಲೆ ಲಾರಿಗೆ ಏರಿಸಬೇಕು. ಒಂದು ಬಾಕ್ಸ್ ಎತ್ತುವುದು ಅಂಥ ದೊಡ್ಡ ವಿಷಯವಲ್ಲ. ಬೆಳಿಗ್ಗೆಯಿಂದ ನೂರಾರು ಬಾಕ್ಸ್ ಎತ್ತುವುದು ಬೇರೆ ಮಾತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಾವ ಎರಡು ಬಾಕ್ಸ್ ಒಟ್ಟಿಗೆ ಎತ್ತಿದರು. ಪಾದ ಊರಿದ್ದಲ್ಲೇ ಇತ್ತು, ಸೊಂಟ ಮಾತ್ರ ತಿರುಗಿಸಿ ಲಾರಿ ಮೇಲಿದ್ದವನ ಕೈಗೆ ಕೊಟ್ಟರು. ಸೊಂಟದಲ್ಲಿ ಚಳಕ್ ಅಂತು. ಮಂಡಿಯ ಗೋಡೆ ಹಿಡಿದುಕೊಂಡು ನಿಂತುಬಿಟ್ಟರು. ನೋವು ಸೊಂಟದ ಬಲಭಾಗದಲ್ಲಿ, ಬಲ ಪಿರ್ರೆಯ ತನಕ.

ಎರಡನೇ ದಿನ ಪಕ್ಕದ ಬೀದಿಯ ಹುಡುಗನನ್ನು ಕರೆಸಿದರು. ಅವನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಬೆನ್ನಿಗೆ ಮೂರು ಸಲ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಆ ಹುಡುಗ ಭಯದಿಂದ ಮೆಲ್ಲಗೆ ತಾಗಿಸಿ ಹೋದ, ಪುಣ್ಯ. ನಾಲ್ಕನೇ ದಿನ ಒಂದು ಕ್ಲಿನಿಕ್ಕಿನಲ್ಲಿ ನೋವಿನ ಇಂಜೆಕ್ಷನ್ ಆಯಿತು. ಒಬ್ಬರು ಮುರಿದ ಎಲುಬಿಗೆ ಕಟ್ಟು ಹಾಕುವುದಕ್ಕೆ ಹೆಸರಾದ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಾ ಅಂದರು. ಮುರಿದೇ ಇಲ್ಲದ ಎಲುಬಿಗೆ ಯಾವ ಕಟ್ಟು? ಏಳನೇ ದಿನ ಮಂಡಿಯ ಹುಡುಗನೊಬ್ಬ ಫೋನಿನಲ್ಲಿ ವಿಡಿಯೋ ತೋರಿಸಿದ. ಅವತ್ತು ಸಂಜೆ ಮಾವ ನನ್ನ ಮನೆಗೆ ಬಂದರು.

"ನೋಡಪ್ಪಾ, ಬೆಂಗಳೂರಲ್ಲಿ ಟಕ್ ಅನ್ನಿಸೋ ಡಾಕ್ಟ್ರು ಇದಾರಂತೆ. ಒಂದೇ ಏಟಿಗೆ ಎಲುಬು ಕೂರಿಸಿಬಿಡ್ತಾರಂತೆ."

ನಾನು ಪರೀಕ್ಷೆ ಮಾಡಿದೆ. ಗಾಬರಿಪಡುವಂಥದ್ದು ಏನೂ ಕಾಣಲಿಲ್ಲ. ವಿಶ್ರಾಂತಿ ಅಂತ ಮಲಗಿಬಿಡಬೇಡಿ, ಓಡಾಡಿಕೊಂಡಿರಿ, ಭಾರ ಎತ್ತಬೇಡಿ, ನಾಲ್ಕೈದು ವಾರದಲ್ಲಿ ಇಳಿಯುತ್ತದೆ ಅಂದೆ. ಹೊಸದಾಗಿ ಬಂದ ಸೊಂಟನೋವು ಬಹಳಷ್ಟು ಜನರಿಗೆ ತಾನಾಗಿಯೇ ಇಳಿಯುವುದು ನಿಜ. ಆದರೆ ದಿನಗೂಲಿಯವರಿಗೆ ನಾಲ್ಕೈದು ವಾರ ಅಂದರೆ ಒಂದು ಸೀಸನ್ನೇ ಹೋದ ಹಾಗೆ. ಮಾವ ಮನಸ್ಸು ಮಾಡಿಯಾಗಿತ್ತು. ಹೋಗುವುದೇ ಆದರೆ ಸರಿಯಾಗಿ ಕಲಿತವರ ಹತ್ತಿರವೇ ಹೋಗಲಿ ಅಂತ ನಾನೇ ಹುಡುಕಿದೆ.

ಈ ಹುಡುಕಾಟ ಸುಲಭ ಇರಲಿಲ್ಲ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತಲೇ ಒಂದು ಪ್ರತ್ಯೇಕ ಕೌನ್ಸಿಲ್ ಇಲ್ಲ. ಹಾಗಾಗಿ ಬೋರ್ಡ್ ಮೇಲಿನ ಹೆಸರು ನೋಡಿ ಏನೂ ಹೇಳಲು ಆಗುವುದಿಲ್ಲ. ಅಮೆರಿಕದಲ್ಲಿ ಇದು ಕಾಲೇಜು ಓದಿನ ಮೇಲೆ ಸಾಮಾನ್ಯವಾಗಿ 4 ವರ್ಷದ ಡಾಕ್ಟರೇಟ್ ಕೋರ್ಸು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪೂರ್ತಿ ಕೋರ್ಸಿಗೆ ಕನಿಷ್ಠ 4,200 ಗಂಟೆಯ ಪಾಠ ಇರಬೇಕು ಅಂತ ಇದೆ. ನಮ್ಮಲ್ಲಿ ಎರಡು ಮೂರು ದಿನದ ಶಿಬಿರ ಮುಗಿಸಿ ಬೋರ್ಡ್ ಹಾಕಿದವರನ್ನೂ ನಾನು ನೋಡಿದ್ದೇನೆ. ಮಂಡಿಯ ಒಬ್ಬರಿಗೆ ಒಂದು ಕಡೆ ಮೊದಲ ದಿನವೇ 24 ಸಿಟ್ಟಿಂಗ್ ಪ್ಯಾಕೇಜಿನ ದುಡ್ಡು ಕಟ್ಟಿಸಿಕೊಂಡಿದ್ದರು. ನಾನು ಆರಿಸಿದ್ದು ವಿದೇಶದಲ್ಲಿ ಪೂರ್ತಿ ಕೋರ್ಸ್ ಓದಿ ಬಂದ ಒಬ್ಬ ಮಹಿಳೆಯನ್ನು. ಕನ್ನಡದವರು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹಿಡಿಸಿತು: "ಮೂತ್ರ ಮಾಮೂಲಾಗಿ ಹೋಗ್ತಿದೆಯಾ ಅವರಿಗೆ?"

ಮೊದಲ ಭೇಟಿ

ಒಂಬತ್ತನೇ ದಿನ ಬಸ್ಸಿನಲ್ಲಿ ಹೋದೆವು. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಾರಿಯುದ್ದಕ್ಕೂ ಮಾವ ಅರ್ಧ ಕೂತು ಅರ್ಧ ನಿಂತೇ ಬಂದರು.

ಒಳಗೆ ಹೋದ ತಕ್ಷಣ ಮಾವ ಶರ್ಟ್ ಬಿಚ್ಚಲು ಶುರು ಮಾಡಿದರು. ಆಕೆ, "ಕೂತ್ಕೊಳ್ಳಿ ಅಂಕಲ್, ಮೊದ್ಲು ಮಾತಾಡೋಣ" ಅಂದರು. ಆ ಮಾತು ಇಪ್ಪತ್ತೈದು ನಿಮಿಷ ನಡೆಯಿತು. ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದೆಯಾ? ಜ್ವರ ಬಂದಿತ್ತಾ? ತೂಕ ಇಳಿದಿದೆಯಾ? ಟಿಬಿ ಆಗಿತ್ತಾ, ಮನೆಯಲ್ಲಿ ಯಾರಿಗಾದರೂ ಇತ್ತಾ? ಹಿಂದೆ ಯಾವುದಾದರೂ ಗೆಡ್ಡೆ, ಕ್ಯಾನ್ಸರ್? ಉಬ್ಬಸಕ್ಕೋ ಕೀಲುನೋವಿಗೋ ತುಂಬಾ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೀರಾ? ಕೂರುವ ಜಾಗದಲ್ಲಿ, ತೊಡೆಸಂದಿಯಲ್ಲಿ ಮರಗಟ್ಟಿದ ಹಾಗೆ ಇದೆಯಾ?

ಈ ಪ್ರಶ್ನೆಗಳು ಸುಮ್ನೆ ಕೇಳುವಂಥವಲ್ಲ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನೆಲುಬಿಗೂ ಬರುತ್ತದೆ, ನಮ್ಮ ದೇಶದಲ್ಲಿ ಅದನ್ನು ಮರೆಯುವ ಹಾಗೇ ಇಲ್ಲ. ಸ್ಟೀರಾಯ್ಡ್ ಎಲುಬನ್ನು ಟೊಳ್ಳು ಮಾಡುತ್ತದೆ. ಟಿಬಿ ತಿಂದ ಎಲುಬಿಗೋ, ಟೊಳ್ಳಾದ ಎಲುಬಿಗೋ, ಕ್ಯಾನ್ಸರ್ ಹರಡಿದ ಎಲುಬಿಗೋ ಜೋರಾಗಿ ತಳ್ಳು ಕೊಟ್ಟರೆ ಅದು ಕುಸಿಯಬಹುದು. ಯಾರಿಗೆ ಕೈ ಹಾಕಬಾರದು ಅಂತ ಗೊತ್ತು ಮಾಡಿಕೊಳ್ಳುವುದೇ ಕೈರೋಪ್ರಾಕ್ಟರ್ ಕೆಲಸದ ಮುಕ್ಕಾಲು ಪಾಲು ಅಂತ ನಾನು ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಪರೀಕ್ಷೆ. ಮಾವನನ್ನು ಮುಂದೆ ಬಾಗಿಸಿದರು, ಹಿಂದೆ ಬಾಗಿಸಿದರು. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ಬೆರಳ ತುದಿ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಮಂಡಿಗೂ ಹಿಮ್ಮಡಿಯ ಹಿಂಬದಿಗೂ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕಾಲು ಎಗರುತ್ತದಾ ಅಂತ ನೋಡಿದರು. ಕಾಲಿನ ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿ, ತಮ್ಮ ಬೆರಳಿನಿಂದ ಅದನ್ನು ಕೆಳಕ್ಕೆ ಒತ್ತಿದರು. ಎರಡೂ ಕಡೆ ಗಟ್ಟಿಯಾಗಿತ್ತು. ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೇಲೆತ್ತಿದರು. ಬಲಗಾಲು 70 ಡಿಗ್ರಿ ತನಕ ಬಂತು, ಸೊಂಟ ಮಾತ್ರ ಹಿಡಿಯಿತು. ನೋವು ಮಂಡಿಯಿಂದ ಕೆಳಕ್ಕೆ ಇಳಿಯಲಿಲ್ಲ. ಅಂದರೆ ನರ ಒತ್ತಿಹೋದ ಲಕ್ಷಣ ಅವತ್ತಿಗೆ ಇರಲಿಲ್ಲ.

ಎಕ್ಸ್‌ರೇ ಬರೆಯಲಿಲ್ಲ. ಮಾವನಿಗೆ ಇದು ಬೇಜಾರಾಯಿತು. "ಫೋಟೋ ತೆಗೀದೇ ಒಳಗೇನಿದೆ ಅಂತ ಹೆಂಗಮ್ಮಾ ಗೊತ್ತಾಗುತ್ತೆ?" ಅಂದರು. ಈಗ ಫೋಟೋದಲ್ಲಿ ಏನೋ ಒಂದು ಕಂಡೇ ಕಾಣುತ್ತೆ, ಅದು ನಿಮ್ಮ ನೋವಿಗೆ ಕಾರಣ ಅಂತ ಹೇಳೋಕಾಗಲ್ಲ, ಸುಮ್ನೆ ಹೆದರಿಕೆ ಜಾಸ್ತಿ ಆಗುತ್ತೆ ಅಂತ ಆಕೆ ಹೇಳಿದರು. ಇದು ಸರಿಯಾದ ಮಾತು. ಯಾವ ನೋವೂ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಅದರ ಪ್ರಕಾರ 50ರ ವಯಸ್ಸಿನಲ್ಲಿ ನೂರಕ್ಕೆ ಸುಮಾರು 60 ಜನರಿಗೆ ಡಿಸ್ಕ್, ಅಂದರೆ ಎಲುಬುಗಳ ನಡುವಿನ ಮೆತ್ತೆ, ಉಬ್ಬಿರುತ್ತದೆ, ನೋವು ಮಾತ್ರ ಇರುವುದಿಲ್ಲ. ಕೂದಲು ಬೆಳ್ಳಗಾದ ಹಾಗೆ ಅದು.

ಆ ಟಕ್ ಅನ್ನುವ ಸದ್ದು

ಮಾವನನ್ನು ಎಡಮಗ್ಗುಲಿಗೆ ಮಲಗಿಸಿದರು. ಕೆಳಗಿನ ಕಾಲು ನೇರ, ಮೇಲಿನ ಕಾಲಿನ ಮಂಡಿ ಮಡಿಸಿ ಮುಂದಕ್ಕೆ. ಭುಜವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಸೊಂಟದ ಕೆಳಗೆ ಕೈ ಇಟ್ಟು, ಕೀಲು ಇನ್ನು ಮುಂದೆ ಹೋಗದು ಅನ್ನುವ ತನಕ ಮೆಲ್ಲಗೆ ಒತ್ತಿಕೊಂಡು ಹೋದರು. "ಉಸಿರು ಬಿಡಿ ಅಂಕಲ್." ಬಿಡುತ್ತಿದ್ದ ಹಾಗೇ ಒಂದು ಚಿಕ್ಕ, ಚುರುಕಾದ ತಳ್ಳು. ಟಕ್, ಟಕ್. ಅಷ್ಟೇ. ಕೈ ಸರಿದ ದೂರ ಒಂದು ಬೆರಳಷ್ಟೂ ಇರಲಿಲ್ಲ.

"ಎಲುಬು ಕೂತ್ಕೊಳ್ತಾ ಅಮ್ಮಾ?"

"ಇಲ್ಲ ಅಂಕಲ್. ಎಲುಬು ಎಲ್ಲೂ ಹೋಗಿರ್ಲಿಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ನಮ್ಮ ಬೆನ್ನೆಲುಬಿನಲ್ಲಿ ಅಲುಗಾಡುವ ಎಲುಬುಗಳು 24. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅವುಗಳ ಹಿಂಬದಿಯಲ್ಲಿ ಜೋಡಿ ಜೋಡಿಯಾಗಿ ಪುಟ್ಟ ಕೀಲುಗಳಿವೆ. ಕೀಲಿನೊಳಗೆ ಜಾರುವ ದ್ರವ, ಅದರಲ್ಲಿ ಕರಗಿದ ಗಾಳಿ ಇರುತ್ತದೆ. ಕೀಲನ್ನು ತಟ್ಟನೆ ಅಗಲಿಸಿದಾಗ ಒಳಗಿನ ಒತ್ತಡ ಕುಸಿದು ಗಾಳಿಯ ಒಂದು ಗುಳ್ಳೆ ಹುಟ್ಟುತ್ತದೆ. ಟಕ್ ಅನ್ನುವುದು ಆಗ. ಕೈಬೆರಳಿನ ನೆಟಿಗೆ ಮುರಿದಾಗ ಕೇಳುವುದೂ ಇದೇ ಸದ್ದು. ಕೆನಡಾದ ಸಂಶೋಧಕರು 2015ರಲ್ಲಿ ಬೆರಳಿನ ನೆಟಿಗೆಯನ್ನು ಎಂಆರ್‌ಐ ಒಳಗೇ ಚಿತ್ರ ತೆಗೆದು ಈ ಗುಳ್ಳೆ ಮೂಡುವುದನ್ನು ತೋರಿಸಿದರು. ಒಮ್ಮೆ ಮುರಿದ ನೆಟಿಗೆಯನ್ನು ತಕ್ಷಣ ಮತ್ತೆ ಮುರಿಯಲು ಆಗುವುದಿಲ್ಲ ಅಲ್ವಾ? ಸುಮಾರು ಇಪ್ಪತ್ತು ನಿಮಿಷ ಬೇಕು. ಕಾರಣ ಇದೇ.

ಹಾಗಾದರೆ ನೋವು ಯಾಕೆ ಇಳಿಯುತ್ತದೆ? ಆ ಚುರುಕಾದ ತಳ್ಳಿಗೆ ಕೀಲು ಮತ್ತು ಸ್ನಾಯುವಿನ ನರಗಳು ಪ್ರತಿಕ್ರಿಯಿಸುತ್ತವೆ. ಬಿಗಿ ಹಿಡಿದಿದ್ದ ಸ್ನಾಯು ಸ್ವಲ್ಪ ಸಡಿಲವಾಗುತ್ತದೆ, ನೋವಿನ ಸುದ್ದಿ ಸ್ವಲ್ಪ ಹೊತ್ತು ಮಂದವಾಗುತ್ತದೆ. ಸದ್ದು ಬಾರದಿದ್ದರೂ ಹೀಗೆ ಆಗಬಹುದು. ಜೋರಾಗಿ ಸದ್ದು ಬಂದ ಮಾತ್ರಕ್ಕೆ ಜಾಸ್ತಿ ಗುಣ ಅಂತ ಏನೂ ಇಲ್ಲ.

ಎಲುಬು ಜಾರಿದೆ, ಅದನ್ನು ಕೂರಿಸುತ್ತೇವೆ ಅನ್ನುವ ಮಾತು ಈ ಪದ್ಧತಿಯ ಹುಟ್ಟಿನಿಂದಲೇ ಬಂದದ್ದು. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎನ್ನುವವರು ಇದನ್ನು ಶುರು ಮಾಡಿದರು. ಅದಕ್ಕೂ ಮೊದಲು ಅವರು ಕಾಂತಶಕ್ತಿಯಿಂದ ಗುಣಪಡಿಸುತ್ತೇನೆ ಅನ್ನುತ್ತಿದ್ದವರು. ಹಾರ್ವಿ ಲಿಲ್ಲಾರ್ಡ್ ಎಂಬ, ಕಟ್ಟಡ ಸ್ವಚ್ಛ ಮಾಡುವ ಕೆಲಸಗಾರನ ಬೆನ್ನು ಒತ್ತಿದಾಗ ಅವನ ಕಿವುಡು ಹೋಯಿತು ಅಂತ ಹೇಳಿಕೊಂಡರು. ಎಲುಬು ಸ್ಥಾನ ತಪ್ಪಿ ನರ ಒತ್ತುವುದೇ ಹೆಚ್ಚಿನ ರೋಗಗಳಿಗೆ ಮೂಲ ಅನ್ನುವುದು ಅವರ ವಾದ. ಅದನ್ನು ವಿಜ್ಞಾನ ಒಪ್ಪಿಲ್ಲ. ಇವತ್ತಿನ ಕೈರೋಪ್ರಾಕ್ಟರ್‌ಗಳಲ್ಲೂ ಹಲವರು ಅದನ್ನು ಬಿಟ್ಟು ಬೆನ್ನು, ಕುತ್ತಿಗೆ, ಕೀಲುನೋವಿಗೆ ಮಾತ್ರ ನಿಂತಿದ್ದಾರೆ. ಕೆಲವರು ಈಗಲೂ ಶುಗರ್, ಬಿಪಿ, ಉಬ್ಬಸ ಎಲ್ಲಕ್ಕೂ ಬೆನ್ನು ಒತ್ತುತ್ತಾರೆ. ಮಾವನೂ ಕೇಳಿಯೇ ಬಿಟ್ಟರು, "ಇದ್ರಿಂದ ಶುಗರ್ರೂ ಇಳಿಯುತ್ತಾ?" ಆಕೆ ತಡಮಾಡಲಿಲ್ಲ. "ಇಲ್ಲ. ಶುಗರ್ ಮಾತ್ರೆ ಒಂದು ದಿನವೂ ಬಿಡಬೇಡಿ." ನನಗೆ ಆಕೆ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ಉತ್ತರದಿಂದ.

ಕುತ್ತಿಗೆಯನ್ನೂ ಒಂದು ಸಲ ಟಕ್ ಅನ್ನಿಸಿ ಅಂತ ಮಾವ ಕೇಳಿದರು. ಕಟಿಂಗ್ ಶಾಪಿನಲ್ಲಿ ಕೂದಲು ಕತ್ತರಿಸಿದ ಮೇಲೆ ಗದ್ದ ಹಿಡಿದು ತಲೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವುದು ಅವರಿಗೆ ಅಭ್ಯಾಸ. ನೋವಿಲ್ಲದ ಕುತ್ತಿಗೆ ಯಾಕೆ ಮುಟ್ಟಬೇಕು ಅಂತ ಆಕೆ ಕೈಯೇ ಇಡಲಿಲ್ಲ. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಎಲುಬಿನ ರಂಧ್ರಗಳ ಒಳಗೇ ಹಾದು ಹೋಗುತ್ತವೆ. ತಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಅಪರೂಪ, ನಿಜ. ಆದರೆ ಆದವರಿಗೆ ಅದು ಜೀವನಪೂರ್ತಿಯ ಪೆಟ್ಟು. ಕಟಿಂಗ್ ಶಾಪಿನ ನೆಟಿಗೆಯನ್ನು ದಯವಿಟ್ಟು ಬಿಟ್ಟುಬಿಡಿ.

ಅವತ್ತು ಸಂಜೆ ಮಾವ ಬಸ್ಸಿನಲ್ಲಿ ಕೂತೇ ಬಂದರು. ಮಾರನೇ ದಿನ ಸೊಂಟ ಹೊಡೆದ ಹಾಗೆ ನೋವಿತ್ತು. ಒಂದೆರಡು ದಿನ ಹೀಗಿರಬಹುದು ಅಂತ ಆಕೆ ಮೊದಲೇ ಹೇಳಿದ್ದರು. ನಾಲ್ಕು ದಿನ ಬಿಟ್ಟು ಎರಡನೇ ಭೇಟಿ, ಅದೇ ಚಿಕಿತ್ಸೆ, ಜೊತೆಗೆ ಮೂರು ವ್ಯಾಯಾಮ. ಮಾವನ ಲೆಕ್ಕದಲ್ಲಿ ರೂಪಾಯಿಗೆ ಎಂಟಾಣೆ ನೋವು ಹೋಗಿತ್ತು. ಅದರಲ್ಲಿ ಕೈಗುಣ ಎಷ್ಟು, ಕಳೆದ ದಿನಗಳ ಗುಣ ಎಷ್ಟು? ಒಬ್ಬ ರೋಗಿಯಲ್ಲಿ ಅದನ್ನು ಬೇರ್ಪಡಿಸಲು ಆಗುವುದಿಲ್ಲ. 2017ರಲ್ಲಿ 26 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಂಡದ್ದು, ಹೊಸ ಸೊಂಟನೋವಿಗೆ ಇದರಿಂದ ಆರು ವಾರದೊಳಗೆ ಸಾಧಾರಣ ಮಟ್ಟದ ಉಪಯೋಗ ಇದೆ ಅಂತ. ಪವಾಡವಲ್ಲ, ಸುಳ್ಳೂ ಅಲ್ಲ. ಅದೇ ವರ್ಷ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸೊಂಟನೋವಿಗೆ ಔಷಧಿಗಿಂತ ಮೊದಲು ಮಾಡಿನೋಡಬಹುದಾದವುಗಳ ಸಾಲಿಗೆ ಬಿಸಿ ಶಾಖ, ಮಸಾಜ್ ಜೊತೆಗೆ ಇದನ್ನೂ ಸೇರಿಸಿತು.

ಮೂರನೇ ಭೇಟಿ

ಹದಿನೈದನೇ ದಿನ ಟೊಮೆಟೊ ರೇಟು ಏರಿತು. ಮಂಡಿಯಲ್ಲಿ ಆಳು ಸಾಲದು. ಮಾವ ಯಾರಿಗೂ ಹೇಳದೆ ಹೋದರು. ಮೂರು ದಿನ ಎತ್ತಿದರು. ನಾಲ್ಕನೇ ದಿನ ನೋವು ಪಿರ್ರೆಯಿಂದ ತೊಡೆಗೆ, ತೊಡೆಯಿಂದ ಮೀನಖಂಡದ ಹೊರಬದಿಗೆ, ಅಲ್ಲಿಂದ ಪಾದದ ಮೇಲಕ್ಕೆ ಇಳಿಯಿತು. ವಿಚಿತ್ರ ಅಂದರೆ ಸೊಂಟದ ನೋವು ಕಡಿಮೆಯಾಯಿತು. "ಸೊಂಟ ಎಷ್ಟೋ ವಾಸಿ, ಕಾಲು ಎಳೀತಿದೆ ಅಷ್ಟೇ. ಇನ್ನೊಂದು ಸಲ ಟಕ್ ಅನ್ನಿಸಿಬಿಟ್ರೆ ಪೂರ್ತಿ ಹೋಗುತ್ತೆ" ಅಂತ ಫೋನ್ ಮಾಡಿದರು. ನಾನು ನೋವು ಎಲ್ಲಿ ತನಕ ಇಳಿದಿದೆ ಅಂತ ಕೇಳಿದೆ. ಶಕ್ತಿ ಹೇಗಿದೆ ಅಂತ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳದೆ ಎರಡು ದಿನ ಕಳೆದೆ. ಅದು ನನ್ನ ತಪ್ಪು.

ಕ್ಲಿನಿಕ್ಕಿನ ಮೂರು ಮೆಟ್ಟಿಲು ಹತ್ತುವಾಗ ಮಾವನ ಬಲಗಾಲಿನ ಹವಾಯಿ ಚಪ್ಪಲಿ ಕಳಚಿ ಮೆಟ್ಟಿಲ ಮೇಲೇ ಉಳಿಯಿತು. ಮಾವ ಹಾಗೇ ಮುಂದೆ ಹೋದರು. ಚಪ್ಪಲಿ ಬಿಟ್ಟುಹೋದದ್ದು ಅವರ ಪಾದಕ್ಕೆ ಗೊತ್ತೇ ಆಗಲಿಲ್ಲ. ನಾನು ಎತ್ತಿಕೊಂಡೆ. ಆಕೆ ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದರು.

"ಅಂಕಲ್, ಈ ಚಪ್ಪಲಿ ಎಷ್ಟು ದಿನದಿಂದ ಹೀಗೆ ಜಾರ್ತಿದೆ?"

"ನಾಕು ದಿನ ಆಯ್ತಮ್ಮಾ. ಹಳೇದು, ಬಾರು ಸಡಿಲ ಆಗಿದೆ."

ಬಾರು ಸಡಿಲ ಆಗಿರಲಿಲ್ಲ. ಮಲಗಿಸಿ, ಹೆಬ್ಬೆರಳು ಮೇಲೆತ್ತಿ ಅಂದರು. ಎಡಗಾಲಿನದು ಕಂಬದ ಹಾಗೆ ನಿಂತಿತು. ಬಲಗಾಲಿನದು ಎದ್ದಿತು, ಆದರೆ ಆಕೆ ಬೆರಳಿಟ್ಟು ಒತ್ತಿದ ತಕ್ಷಣ ಸೋತು ಕೆಳಗೆ ಹೋಯಿತು. ಮಾವ ಅದನ್ನೇ ದಿಟ್ಟಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. ಮತ್ತೆ ಎತ್ತಿದರು, ಮತ್ತೆ ಸೋತಿತು. ಹಿಮ್ಮಡಿ ಮೇಲೆ ನಡೆಯಲು ಹೇಳಿದಾಗ ಬಲ ಪಾದ ಸರಿಯಾಗಿ ಮೇಲೇಳಲಿಲ್ಲ. ಕಾಲು ಎತ್ತುವ ಪರೀಕ್ಷೆಯಲ್ಲಿ 35 ಡಿಗ್ರಿಗೇ ಪಾದದ ತನಕ ಮಿಂಚು ಹೊಡೆಯಿತು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹತ್ತಿ ಸವರಿದರೆ ಮಂದ. ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಿದಾಗ ಮಾತ್ರ ಪಾದ ಎರಡೂ ಕಡೆ ಒಂದೇ ಸಮ ಎಗರಿತು.

ಹೆಬ್ಬೆರಳನ್ನು ಎತ್ತುವುದು ಸೊಂಟದ ಐದನೇ ನರದ ಕೆಲಸ. ಅದಕ್ಕೆ ಒತ್ತು ಬೀಳುವುದು ಸಾಮಾನ್ಯವಾಗಿ ನಾಲ್ಕು ಮತ್ತು ಐದನೇ ಎಲುಬಿನ ನಡುವಿನ ಡಿಸ್ಕಿನಿಂದ. ನಾನೂ ಆಕೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇವತ್ತು ನಾನು ಏನೂ ಮಾಡಲ್ಲ ಅಂಕಲ್."

"ಇಷ್ಟು ದೂರ ಬಂದಿದೀನಲ್ಲಮ್ಮಾ! ಒಂದೇ ಒಂದು ಸಲ."

"ನೋವು ಮಾತ್ರ ಇದ್ದಿದ್ರೆ ಮಾಡ್ತಿದ್ದೆ. ಶಕ್ತಿ ಹೋಗ್ತಿರೋ ಕಾಲಿಗೆ ತಳ್ಳು ಕೊಡಲ್ಲ. ನೀವು ಸ್ಪೈನ್ ಸರ್ಜನ್‌ಗೆ ತೋರಿಸ್ಬೇಕು, ಇವತ್ತೇ."

ಪತ್ರ ಬರೆದರು. ಮೊದಲ ದಿನ ಏನಿತ್ತು, ಇವತ್ತು ಏನಿದೆ, ಯಾವ ಸ್ನಾಯು ಎಷ್ಟು ಸೋತಿದೆ, ತಾವು ಎರಡು ಸಲ ಏನು ಚಿಕಿತ್ಸೆ ಕೊಟ್ಟಿದ್ದರು, ಎಲ್ಲವೂ ಒಂದೇ ಹಾಳೆಯಲ್ಲಿ. ಮೊದಲ ದಿನ ಬೆರಳು ಒತ್ತಿ ನೋಡಿ ಬರೆದಿಟ್ಟದ್ದು ಈಗ ಕೆಲಸಕ್ಕೆ ಬಂತು. ಅವತ್ತು ಗಟ್ಟಿ ಇತ್ತು ಅಂತ ಗೊತ್ತಿದ್ದದ್ದಕ್ಕೇ ಇದು ಹೊಸದಾಗಿ ಬಂದ ಸೋಲು ಅಂತ ಖಚಿತವಾಯಿತು. ಅವತ್ತಿನ ಫೀಸನ್ನು ಆಕೆ ತೆಗೆದುಕೊಳ್ಳಲಿಲ್ಲ.

ಆ ತಳ್ಳುಗಳಿಂದಲೇ ಡಿಸ್ಕ್ ಹೊರಬಂತಾ ಅಂತ ಅತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡಿಸ್ಕ್ ಇದ್ದವರಿಗೆ ಬೆನ್ನು ತಿರುಚಿದ ಮೇಲೆ ಹೆಚ್ಚಾದ ಉದಾಹರಣೆಗಳು ಇಲ್ಲದಿಲ್ಲ. ಆದರೆ ಎರಡನೇ ಭೇಟಿಯಾಗಿ ಐದು ದಿನ ಮಾವ ಚೆನ್ನಾಗಿದ್ದರು. ಕಾಲಿಗೆ ನೋವಿಳಿದದ್ದು ಬಾಕ್ಸ್ ಎತ್ತಿದ ಮೇಲೆ. ದಿನಾಂಕಗಳನ್ನು ನೋಡಿ ನಾನು ಬಾಕ್ಸಿನ ಕಡೆಗೇ ಬೆರಳು ತೋರಿಸುತ್ತೇನೆ.

ಆಮೇಲೆ

ಎಂಆರ್‌ಐನಲ್ಲಿ ಅದೇ ಜಾಗದಲ್ಲಿ ಡಿಸ್ಕ್ ಬಲಕ್ಕೆ ಹೊರಬಂದು ನರವನ್ನು ಒತ್ತಿತ್ತು. ಸರ್ಜನ್ ಹೆಬ್ಬೆರಳಿನ ಶಕ್ತಿಯನ್ನು 5ಕ್ಕೆ 4 ಅಂತ ಅಳೆದರು, 5 ಅಂದರೆ ಪೂರ್ತಿ ಶಕ್ತಿ. ಇಷ್ಟಕ್ಕೇ ಆಪರೇಷನ್ ಬೇಡ, ಆರು ವಾರ ನೋಡೋಣ, ವಾರಕ್ಕೊಮ್ಮೆ ಬೆರಳಿನ ಬಲ ಪರೀಕ್ಷೆ ಆಗಬೇಕು, 3ಕ್ಕೆ ಇಳಿದರೆ ತಡಮಾಡಬಾರದು ಅಂದರು. ಇನ್ನೂ ಒಂದು ಮಾತನ್ನು ಅತ್ತೆಗೂ ಕೇಳುವ ಹಾಗೆ ಹೇಳಿದರು: ಮೂತ್ರ ಕಟ್ಟಿದರೆ, ಗೊತ್ತಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ, ರಾತ್ರಿಯಾಗಿದ್ದರೂ ಸರಿ, ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಬರಬೇಕು. ಬೆನ್ನೆಲುಬಿನ ಕೆಳಭಾಗದಿಂದ ಮೂತ್ರಕೋಶಕ್ಕೂ ಕಾಲುಗಳಿಗೂ ಹೋಗುವ ನರಗಳ ಕಂತೆ ಒತ್ತಿಹೋದರೆ ಬೇಗ ಬಿಡಿಸದಿದ್ದರೆ ಮೂತ್ರದ ಹಿಡಿತ ವಾಪಸ್ ಬಾರದೇ ಇರಬಹುದು. ಅತ್ತೆ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ನೇತು ಹಾಕಿದರು.

ವಾರದ ಪರೀಕ್ಷೆ ನನ್ನ ಪಾಲಿಗೆ ಬಂತು. ಪ್ರತಿ ಭಾನುವಾರ ಮಾವ ಕಾಲು ಚಾಚಿ ಕೂರುತ್ತಿದ್ದರು, ನಾನು ಬೆರಳು ಒತ್ತುತ್ತಿದ್ದೆ. ಮೊದಲ ಮೂರು ವಾರ ಏನೂ ಬದಲಾವಣೆ ಇಲ್ಲ. ಐದನೇ ವಾರ ಬೆರಳು ಸ್ವಲ್ಪ ಹೊತ್ತು ತಡೆದು ನಿಂತಿತು. ಹೊರಬಂದ ಡಿಸ್ಕನ್ನು ದೇಹ ತಾನೇ ನಿಧಾನವಾಗಿ ಕರಗಿಸುವುದು ಬಹಳ ಜನರಲ್ಲಿ ಕಂಡಿದೆ. ಮಾವನಲ್ಲೂ ಹಾಗೇ ಆಗಿರಬೇಕು. ನಡಿಗೆಯನ್ನು ಮನೆ ಮುಂದಿನ ಬೀದಿಯಿಂದ ಶುರು ಮಾಡಿ, ಒಂಬತ್ತನೇ ವಾರಕ್ಕೆ ಅಂತರಗಂಗೆ ಬೆಟ್ಟದ ಬುಡದ ತನಕ ತಂದೆವು. ಹತ್ತನೇ ವಾರ ಬಲ 5ಕ್ಕೆ 5.

ಕೈರೋಪ್ರಾಕ್ಟರ್ ಅದರ ಮಧ್ಯೆ ಎರಡು ಸಲ ಫೋನ್ ಮಾಡಿ ವಿಚಾರಿಸಿದರು. ಮತ್ತೆ ಬನ್ನಿ ಅಂತ ಒಮ್ಮೆಯೂ ಹೇಳಲಿಲ್ಲ.

ಮಾವ ಈಗ ಮಂಡಿಗೆ ಹೋಗುತ್ತಾರೆ. ಏರಿಸುವ ಕೆಲಸ ಬಿಟ್ಟಿದ್ದಾರೆ. ಹಣ್ಣು ಆರಿಸುವುದು, ಬಾಕ್ಸ್ ಎಣಿಸಿ ಚೀಟಿ ಬರೆಯುವುದು ಅವರ ಪಾಲು. ಕೂಲಿ ಮೊದಲಿಗಿಂತ ಕಡಿಮೆ. ಅದು ಮನೆಯಲ್ಲಿ ಈಗಲೂ ನೋವಿನ ವಿಷಯವೇ. ಹೆಬ್ಬೆರಳ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಮಂದವಾಗಿದೆ. ಹೊಸ ಹುಡುಗರು ಎರಡು ಬಾಕ್ಸ್ ಒಟ್ಟಿಗೆ ಎತ್ತಿದರೆ ಮಾವ ಕೂತಲ್ಲಿಂದಲೇ ಕೂಗುತ್ತಾರೆ, "ಲೇ, ಕಾಲು ತಿರುಗ್ಸೋ, ಸೊಂಟ ತಿರುಗಿಸ್ಬೇಡ!" ಯಾರಾದರೂ ಸೊಂಟ ಹಿಡಿದುಕೊಂಡು ಬಂದರೆ ಅವರನ್ನು ಕೂರಿಸಿ, ಮೊದಲು ಚಪ್ಪಲಿ ಬಿಚ್ಚಿಸಿ ಹೆಬ್ಬೆರಳು ಎತ್ತಿಸಿ ನೋಡುತ್ತಾರೆ. ಆಮೇಲೆ ನನಗೆ ಫೋನ್ ಮಾಡುತ್ತಾರೆ.